ಲಿವರ್ ಕ್ಯಾನ್ಸರ್: ದೇಶದ ಲೆಕ್ಕ ಏನು ಹೇಳುತ್ತದೆ, ನಮ್ಮ ಕರಾವಳಿಯಲ್ಲಿ ಯಾರನ್ನು ಮೊದಲು ಪರೀಕ್ಷೆ ಮಾಡಿಸಬೇಕು?

ಕುಮಟಾ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ, ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಘನಾಶಿನಿ ದಂಡೆಯ ಉಪಕೇಂದ್ರ, ವ್ಯಾಪ್ತಿಯಲ್ಲಿ ಸುಮಾರು 3,000 ಜನ. ಒಂದೇ ವರ್ಷದಲ್ಲಿ ಇಬ್ಬರು ‘ಲಿವರ್ ಕ್ಯಾನ್ಸರ್’ ಆಗಿ ತೀರಿಕೊಂಡಿದ್ದರಿಂದ ಊರಲ್ಲಿ ಹೆದರಿಕೆ ಹಬ್ಬಿದೆ. ಬರುವ ಗ್ರಾಮಸಭೆಯಲ್ಲಿ ಇದರ ಬಗ್ಗೆ ತಿಳಿಸಿ ಎಂದು ಪಂಚಾಯ್ತಿಯವರು ಕೇಳಿದ್ದಾರೆ. ಜನರ ಬಾಯಲ್ಲಿ ಓಡಾಡುತ್ತಿರುವ ಕಾರಣಗಳು ನಾಲ್ಕು: ಕೈಗಾ ಅಣು ವಿದ್ಯುತ್ ಸ್ಥಾವರ, ಮೀನು ಕೆಡದಂತೆ ಹಾಕುವ ಫಾರ್ಮಾಲಿನ್, ಗೋವಾ ಗಡಿಯಿಂದ ಬರುವ ಅಗ್ಗದ ದಾರು, ಕವಳ (ಎಲೆ-ಅಡಿಕೆ).

ನನಗೆ ಬೇಕಾದದ್ದು ಇಷ್ಟು. ದೇಶದಲ್ಲಿ ಇದು ನಿಜವಾಗಿ ಎಷ್ಟಿದೆ? ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ತೂಕ? ಎಲ್ಲರಿಗೂ ಸ್ಕ್ಯಾನಿಂಗ್ ಮಾಡಿಸಲು ಆಗದು, ಹಾಗಾಗಿ 3,000 ಜನರಲ್ಲಿ ಯಾರನ್ನು ಆರಿಸಬೇಕು? ಭಾಷಣಕ್ಕಿಂತ ಹೆಚ್ಚಾಗಿ, ಮರುದಿನ ಬೆಳಿಗ್ಗೆ ಆಶಾ ಅಕ್ಕಂದಿರ ಕೈಗೆ ಕೊಡುವ ಪಟ್ಟಿ ಹೇಗಿರಬೇಕು ಎಂಬುದೇ ನನ್ನ ಚಿಂತೆ.


ಕಾಳಿ ಸೇತುವೆ (ಕಾರವಾರ)

ಮೇಡಂ, ಮೊದಲು ಲೆಕ್ಕದ ಮಾತು.

2020ರ ಗ್ಲೋಬೋಕ್ಯಾನ್ (ಜಾಗತಿಕ ಕ್ಯಾನ್ಸರ್ ಅಂಕಿಅಂಶ) ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ 34,743 ಹೊಸ ಲಿವರ್ ಕ್ಯಾನ್ಸರ್, 33,793 ಸಾವು. ಜಗತ್ತಿನಲ್ಲಿ ಸುಮಾರು 9.06 ಲಕ್ಷ ಹೊಸ ರೋಗಿಗಳು, 8.30 ಲಕ್ಷ ಸಾವು. ನಮ್ಮ ದೇಶದಲ್ಲಿ ಎಲ್ಲ ಬಗೆಯ ಕ್ಯಾನ್ಸರ್ ಸೇರಿ ವರ್ಷಕ್ಕೆ 13 ಲಕ್ಷ ದಾಟುವಾಗ 34 ಸಾವಿರ ಚಿಕ್ಕ ಸಂಖ್ಯೆಯಾಗಿ ಕಾಣುತ್ತದೆ. ಆದರೆ ಹೊಸ ರೋಗಿಗಳ ಸಂಖ್ಯೆ, ಸಾವಿನ ಸಂಖ್ಯೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೆಚ್ಚುಕಡಿಮೆ ಒಂದೇ ಇವೆ. ಸ್ತನ ಕ್ಯಾನ್ಸರಿನಲ್ಲಿ ಹೀಗಿಲ್ಲ. ಲಿವರ್ ಕ್ಯಾನ್ಸರ್ ನಮ್ಮಲ್ಲಿ ಪತ್ತೆಯಾಗುವುದೇ ಕೈಮೀರಿದ ಮೇಲೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ಭಾರತದ ದರ ಲಕ್ಷಕ್ಕೆ 3ರ ಒಳಗಿದೆ, ಜಾಗತಿಕ ಸರಾಸರಿ 9ರ ಮೇಲೆ, ಮಂಗೋಲಿಯಾದಲ್ಲಿ 80ರ ಮೇಲೆ. ದೇಶದೊಳಗೂ ಒಂದೇ ಮಟ್ಟ ಇಲ್ಲ, ಅರುಣಾಚಲ ಪ್ರದೇಶದ ನೋಂದಣಿಯಲ್ಲಿ ದರ ಉಳಿದ ಕಡೆಗಿಂತ ಹಲವು ಪಟ್ಟು. ಗಂಡಸರಲ್ಲಿ ಹೆಂಗಸರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಬಹುಪಾಲು 50 ದಾಟಿದ ಮೇಲೆ.

ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನೂ ತಿಳಿದಿರಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ ಶುರುವಾಯಿತು. ಇವತ್ತಿಗೂ ಅದು ದೇಶದ ಜನಸಂಖ್ಯೆಯ ಸಣ್ಣ ಭಾಗವನ್ನು ಮಾತ್ರ ಮುಟ್ಟುತ್ತದೆ, ಅದರಲ್ಲೂ ಹಳ್ಳಿ ಕಡಿಮೆ. ಲಿವರ್ ಕ್ಯಾನ್ಸರಿಗೆ ಇನ್ನೊಂದು ತೊಡಕಿದೆ. ಹೆಚ್ಚಿನವರಿಗೆ ಬಯಾಪ್ಸಿ (ತುಣುಕು ತೆಗೆದು ಮಾಡುವ ಪರೀಕ್ಷೆ) ಆಗುವುದಿಲ್ಲ. ಸಿರೋಸಿಸ್‌ನಿಂದ (ಲಿವರ್ ಕಲೆ ಕಟ್ಟಿ ಗಟ್ಟಿಯಾಗುವ ರೋಗ) ಹೊಟ್ಟೆಯಲ್ಲಿ ನೀರು ತುಂಬಿ ಮನೆಯಲ್ಲೇ ತೀರಿಕೊಂಡವರ ಲಿವರಿನಲ್ಲಿ ಗಡ್ಡೆ ಇತ್ತೋ ಇಲ್ಲವೋ ಯಾರೂ ನೋಡಿರುವುದಿಲ್ಲ, ಸಾವಿನ ದಾಖಲೆಯಲ್ಲಿ ‘ಕಾಮಾಲೆ’ ಅಥವಾ ‘ಹೃದಯ ಸ್ತಂಭನ’ ಅಂತ ಬರುತ್ತದೆ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರುತ್ತದೆ ಎಂದು ಹಿಡಿಯುವುದು ನ್ಯಾಯ.

ಇದರ ತಿರುವುಮುರುವೂ ನಡೆಯುತ್ತದೆ, ನಿಮ್ಮ ಊರಿನ ಪ್ರಕರಣಕ್ಕೆ ಅದೇ ಮುಖ್ಯ. ಹೊಟ್ಟೆ, ದೊಡ್ಡಕರುಳು, ಸ್ತನ, ಶ್ವಾಸಕೋಶ ಇವುಗಳ ಕ್ಯಾನ್ಸರ್ ಲಿವರಿಗೆ ಹರಡಿದ್ದನ್ನೂ ಮನೆಯವರು ‘ಲಿವರ್ ಕ್ಯಾನ್ಸರ್’ ಎಂದೇ ಹೇಳುತ್ತಾರೆ. ಅದು ಸೆಕೆಂಡರಿ, ಕಾರಣಗಳು ಪೂರ್ತಿ ಬೇರೆ. ಆ ಇಬ್ಬರ ಸ್ಕ್ಯಾನ್ ವರದಿಯನ್ನು ಮನೆಯವರ ಒಪ್ಪಿಗೆ ಪಡೆದು ಓದಿ. ‘ಮೆಟಾಸ್ಟಾಸಿಸ್’ (ಬೇರೆಡೆಯಿಂದ ಹರಡಿದ್ದು) ಎಂದಿದೆಯೋ, ‘ಎಚ್‌ಸಿಸಿ’ ಅಥವಾ ‘ಹೆಪಟೋಸೆಲ್ಯುಲರ್ ಕಾರ್ಸಿನೋಮಾ’ (ಲಿವರಿನಲ್ಲೇ ಹುಟ್ಟಿದ್ದು, ಅಂದರೆ ಪ್ರೈಮರಿ) ಎಂದಿದೆಯೋ ನೋಡಿ. ಇದನ್ನು ಮಾಡದೆ ಗ್ರಾಮಸಭೆಗೆ ಹೋಗಬೇಡಿ.

ಇನ್ನು ಕೈಗಾ. 2011ರ ಜನಗಣತಿಯಂತೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ದೇಶದ ಸರಾಸರಿಯನ್ನೇ, ಅಂದರೆ ಲಕ್ಷಕ್ಕೆ ಸುಮಾರು 2.5 ಎಂದು ಹಾಕಿದರೂ ಜಿಲ್ಲೆಯಲ್ಲಿ ವರ್ಷಕ್ಕೆ 36 ಜನರಿಗೆ ಈ ರೋಗ ಬರುತ್ತದೆ. 3,000 ಜನರ ಊರಿಗೆ 13 ವರ್ಷಕ್ಕೆ ಒಬ್ಬರು. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಒಂದು ಊರಿಗೆ ಒಂದೇ ವರ್ಷ ಇಬ್ಬರು, ಪಕ್ಕದ ಹತ್ತು ಊರಿಗೆ ಒಬ್ಬರೂ ಇಲ್ಲ ಎಂಬುದು ಆಕಸ್ಮಿಕವಾಗಿ ಆಗುತ್ತಲೇ ಇರುತ್ತದೆ. ವಿಕಿರಣದಿಂದ ಲಿವರ್ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಥೊರೊಟ್ರಾಸ್ಟ್ ಎಂಬ ಹಳೆಯ ಎಕ್ಸ್‌ರೇ ದ್ರಾವಣ ಚುಚ್ಚಿಸಿಕೊಂಡವರಲ್ಲಿ. ಅದರಲ್ಲಿದ್ದ ಥೋರಿಯಂ ಜೀವಮಾನವಿಡೀ ಲಿವರಿನಲ್ಲೇ ಕೂತಿರುತ್ತಿತ್ತು. ಜನರ ಪ್ರಶ್ನೆಯನ್ನು ತಳ್ಳಿಹಾಕಬೇಡಿ, ಆದರೆ ಇಬ್ಬರ ಸಾವಿನಿಂದ ಅದಕ್ಕೆ ಹೌದು ಅಂತಲೂ ಇಲ್ಲ ಅಂತಲೂ ಉತ್ತರ ಬರುವುದಿಲ್ಲ. ಉತ್ತರ ಬೇಕಾದರೆ ತಾಲ್ಲೂಕುವಾರು, ವಯಸ್ಸುವಾರು, ಪ್ರೈಮರಿ ಮತ್ತು ಸೆಕೆಂಡರಿ ಬೇರೆ ಮಾಡಿ, ಹತ್ತು ವರ್ಷದ ದಾಖಲೆ ಬೇಕು. ಅಂಥ ನೋಂದಣಿ ನಮ್ಮ ಜಿಲ್ಲೆಗೆ ಬೇಕೇ ಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಹೋರಾಡಿದ ಜಿಲ್ಲೆ ಇದನ್ನೂ ಅಷ್ಟೇ ಜೋರಾಗಿ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಫಾರ್ಮಾಲಿನ್ ಕ್ಯಾನ್ಸರ್‌ಕಾರಕ ಹೌದು. ಆದರೆ ಪುರಾವೆ ಇರುವುದು ಮೂಗಿನ ಹಿಂಭಾಗದ ಗಂಟಲು ಮತ್ತು ರಕ್ತದ ಕ್ಯಾನ್ಸರಿಗೆ, ಅದೂ ಹಬೆಯನ್ನು ಉಸಿರಾಡಿದವರಲ್ಲಿ. ಲಿವರಿಗೆ ಅಲ್ಲ. ಥಾಯ್ಲೆಂಡ್ ಕಡೆ ಮೀನಿನಿಂದ ಪಿತ್ತನಾಳದ ಕ್ಯಾನ್ಸರ್ ಬರುತ್ತದೆ ಎಂದು ಯಾರಾದರೂ ವಾಟ್ಸಾಪ್ ತೋರಿಸಿದರೆ, ಅದು ಹೊಳೆ ಮೀನನ್ನು ಹಸಿಯಾಗಿ ತಿನ್ನುವುದರಿಂದ ಹೊಕ್ಕುವ ಹುಳದ ಕತೆ. ಬೇಯಿಸಿದ ಬಂಗಡೆ, ತಾರ್ಲೆಗೆ ಅದು ತಾಗುವುದಿಲ್ಲ.


ಗಂಗಾವಳಿ (ಅಂಕೋಲಾ, ಈಗ ಹುಬ್ಬಳ್ಳಿ)

ಕಾರಣಗಳ ತೂಕದ ಬಗ್ಗೆ ಬರೆಯುತ್ತೇನೆ. ಚೊಕ್ಕ ಲಿವರಿನಲ್ಲಿ ಕ್ಯಾನ್ಸರ್ ಹುಟ್ಟುವುದು ಅಪರೂಪ. ಹೆಚ್ಚಿನವರಲ್ಲಿ 20, 30 ವರ್ಷ ಲಿವರ್ ಸುಡುತ್ತಾ, ಕಲೆ ಕಟ್ಟುತ್ತಾ, ಸಿರೋಸಿಸ್‌ಗೆ ಬಂದು, ಆಮೇಲೆ ಗಡ್ಡೆ. ಸಿರೋಸಿಸ್ ಆದ 100 ಜನರಲ್ಲಿ ವರ್ಷಕ್ಕೆ 2ರಿಂದ 4 ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ಅಂದಾಜಿಟ್ಟುಕೊಳ್ಳಿ. ಅಂದರೆ ನೀವು ಹುಡುಕಬೇಕಾದದ್ದು ಕ್ಯಾನ್ಸರನ್ನಲ್ಲ, ಸಿರೋಸಿಸ್ ಆದವರನ್ನು ಮತ್ತು ಅದರ ಹಾದಿಯಲ್ಲಿ ಇರುವವರನ್ನು.

ಭಾರತದಲ್ಲಿ ಈ ಹಾದಿಗೆ ಎಳೆಯುವುದರಲ್ಲಿ ಮುಂದಿರುವುದು ಹೆಪಟೈಟಿಸ್ ಬಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು: ದೇಶದಲ್ಲಿ ಬಿ ಸೋಂಕಿತರು 2.98 ಕೋಟಿ, ಸಿ ಸೋಂಕಿತರು 55 ಲಕ್ಷ. ಶೇಕಡಾ 2ರ ಲೆಕ್ಕದಲ್ಲಿ ನಿಮ್ಮ 3,000 ಜನರಲ್ಲಿ 60ರಷ್ಟು ಜನರಿಗೆ ಬಿ ಇರಬಹುದು, ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಬಿ ವೈರಸ್‌ನ ಕೆಟ್ಟ ಗುಣ ಏನೆಂದರೆ ಅದು ತನ್ನ ಜೀನನ್ನು ಲಿವರಿನ ಜೀವಕೋಶದೊಳಗೇ ಸೇರಿಸಿಬಿಡುತ್ತದೆ, ಹಾಗಾಗಿ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ತರಬಲ್ಲದು. ಸಿ ಹಾಗಲ್ಲ, ಅದು ಬಹುತೇಕ ಸಿರೋಸಿಸ್ ಮೂಲಕವೇ ಬರುತ್ತದೆ.

ವಯಸ್ಸು ಇಲ್ಲಿ ನಿರ್ಣಾಯಕ. ಹೆರಿಗೆ ಹೊತ್ತಿಗೆ ತಾಯಿಯಿಂದ ಸೋಂಕು ತಗುಲಿದ ಮಕ್ಕಳಲ್ಲಿ ಶೇಕಡಾ 90ರಷ್ಟು ಮಂದಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಶೇಕಡಾ 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ. ಸರ್ಕಾರಿ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಇಡೀ ದೇಶಕ್ಕೆ ಬಂದದ್ದು 2011ರಲ್ಲಿ. ಈಗ ನಲವತ್ತು, ಐವತ್ತರ ಪ್ರಾಯದವರು ಒಬ್ಬರೂ ಶಿಶುವಾಗಿದ್ದಾಗ ಅದನ್ನು ಪಡೆದಿಲ್ಲ. ಕ್ಯಾನ್ಸರ್ ಬರುವ ವಯಸ್ಸೂ ಅದೇ. ಮುಂದಿನ 20 ವರ್ಷದ ರೋಗಿಗಳು ಇವತ್ತು ಆರೋಗ್ಯವಾಗಿ ಓಡಾಡಿಕೊಂಡಿದ್ದಾರೆ ಎಂದೇ ತಿಳಿಯಿರಿ.

ನಮ್ಮ ಕಡೆ ಕಾಮಾಲೆಯಾದರೆ ನೆಲನೆಲ್ಲಿ ರಸ ಕುಡಿಸಿ, ಕಣ್ಣಿನ ಹಳದಿ ಇಳಿದ ಮೇಲೆ ಗುಣವಾಯಿತು ಅನ್ನುತ್ತಾರೆ. ನೀರಿನಿಂದ ಬರುವ ಎ ಮತ್ತು ಇ ಕಾಮಾಲೆ ತಾನಾಗಿ ಇಳಿಯುತ್ತದೆ, ಅದರಿಂದ ಕ್ಯಾನ್ಸರ್ ಬರುವುದಿಲ್ಲ. ಬಿ ಕಾಮಾಲೆಯೂ ಹಾಗೇ ಇಳಿಯಬಹುದು, ಆದರೆ ಕೆಲವರಲ್ಲಿ ವೈರಸ್ ಒಳಗೇ ಉಳಿಯುತ್ತದೆ. ‘ಯಾವಾಗಲಾದರೂ ಕಾಮಾಲೆ ಆಗಿತ್ತಾ?’ ಎಂಬ ಪ್ರಶ್ನೆಗೆ ಹೌದು ಎಂದವರಿಗೆಲ್ಲ ಒಮ್ಮೆ ಎಚ್‌ಬಿಎಸ್‌ಎಜಿ (ಬಿ ಸೋಂಕಿನ ರಕ್ತಪರೀಕ್ಷೆ) ಮಾಡಿಸಿ. ಇನ್ನೊಂದು ಎಚ್ಚರಿಕೆ: ಲಿವರಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಅಮೃತಬಳ್ಳಿ ಕಷಾಯ ಕುಡಿದು ಲಿವರಿಗೇ ಪೆಟ್ಟಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ದೇಶದ ಹಲವೆಡೆ ದಾಖಲಾಗಿವೆ.

ದಾರು ವಿಷಯದಲ್ಲಿ ಜನರ ಅನುಮಾನ ಸರಿಯಾಗಿಯೇ ಇದೆ, ಆದರೆ ದೂರಬೇಕಾದದ್ದು ಗೋವಾವನ್ನಾಗಲಿ ಬ್ರ್ಯಾಂಡನ್ನಾಗಲಿ ಅಲ್ಲ, ಗ್ರಾಂ ಲೆಕ್ಕವನ್ನು. ವಿಸ್ಕಿ, ರಮ್, ಫೆನಿ ಯಾವುದಾದರೂ 42.8 ಶೇಕಡಾ ಇದ್ದರೆ 30 ಎಂಎಲ್‌ನಲ್ಲಿ 10 ಗ್ರಾಂ ಆಲ್ಕೋಹಾಲ್. ನೈಂಟಿಯಲ್ಲಿ (90 ಎಂಎಲ್) 30 ಗ್ರಾಂ, ಕ್ವಾರ್ಟರ್‌ನಲ್ಲಿ (180 ಎಂಎಲ್) 60 ಗ್ರಾಂ. 650 ಎಂಎಲ್ ಸ್ಟ್ರಾಂಗ್ ಬಿಯರ್ 8 ಶೇಕಡಾದ್ದಾದರೆ 41 ಗ್ರಾಂ. ಗೇರುಹಣ್ಣಿನ ಸೀಸನ್ನಿನ ಉರಾಕ್ ಹಗುರ ಅನ್ನುತ್ತಾರೆ, 15 ಶೇಕಡಾದ ಉರಾಕ್ 200 ಎಂಎಲ್ ಲೋಟಕ್ಕೆ 24 ಗ್ರಾಂ ಆಯಿತು. ದಿನಕ್ಕೆ 30 ಗ್ರಾಂ ದಾಟಿ ವರ್ಷಾನುಗಟ್ಟಲೆ ಹೋದರೆ ಸಿರೋಸಿಸ್ ಅಪಾಯ ಏರತೊಡಗುತ್ತದೆ, ದಿನಾ ಕ್ವಾರ್ಟರ್ ಎಂದರೆ ಅದರ ಇಮ್ಮಡಿ. ‘ಕುಡಿಯುತ್ತೀರಾ?’ ಎಂದು ಕೇಳಿದರೆ ‘ಸ್ವಲ್ಪ’ ಎಂಬ ಉತ್ತರ ಬರುತ್ತದೆ. ‘ನೈಂಟಿಯಾ, ಕ್ವಾರ್ಟರಾ, ವಾರದಲ್ಲಿ ಎಷ್ಟು ದಿನ?’ ಎಂದು ಕೇಳಲು ಆಶಾ ಅಕ್ಕಂದಿರಿಗೆ ಹೇಳಿಕೊಡಿ. ಹೆಪಟೈಟಿಸ್ ಬಿ ಅಥವಾ ಸಿ ಇದ್ದವರಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

ಎಲ್ಲಕ್ಕಿಂತ ವೇಗವಾಗಿ ಏರುತ್ತಿರುವುದು ಮಾತ್ರ ಕುಡಿಯದವರ ಫ್ಯಾಟಿ ಲಿವರ್ (ಲಿವರಿನಲ್ಲಿ ಕೊಬ್ಬು ಸೇರುವುದು). ಐಸಿಎಂಆರ್‌ನ 2023ರ ಸಮೀಕ್ಷೆಯಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಶುಗರ್ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಇಲ್ಲದವರ ಸುಮಾರು ಎರಡರಷ್ಟು. ಇದೂ ಕೆಲವೊಮ್ಮೆ ಸಿರೋಸಿಸ್ ಇಲ್ಲದೆಯೇ ಕ್ಯಾನ್ಸರಿಗೆ ತಿರುಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ನಿಮ್ಮ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ರಿಜಿಸ್ಟರಿನಲ್ಲಿ ಬಿಪಿ, ಶುಗರ್ ಹೆಸರುಗಳು ಇದ್ದೇ ಇವೆ, ಅಲ್ಲಿಂದಲೇ ಶುರುಮಾಡಬಹುದು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಗುರುತು ಹಾಕಿ. ತೂಕದಲ್ಲಿ ಶೇಕಡಾ 5 ಇಳಿದರೆ ಲಿವರಿನ ಕೊಬ್ಬು ಕರಗುತ್ತದೆ, ಉರಿಯೂತ ಇಳಿಯಲು 7ರಿಂದ 10 ಬೇಕು. 80 ಕೆಜಿಯವರಿಗೆ ಅದು 6ರಿಂದ 8 ಕೆಜಿ.

ತಂಬಾಕು ಹೊಗೆಯೂ ಲಿವರ್ ಕ್ಯಾನ್ಸರಿನ ಸಾಬೀತಾದ ಕಾರಣ. ಬೀಡಿ ಎಂದರೆ ಶ್ವಾಸಕೋಶ ಮಾತ್ರ ನೆನಪಾಗುತ್ತದೆ, ಹಾಗಾಗಿ ಪಟ್ಟಿಯಲ್ಲಿ ಅದನ್ನೂ ಬರೆದಿಡಿ.


ಸೋಂದಾ ಕಡೆಯವ (ಶಿರಸಿ)

ಮೇಲೆ ಇಬ್ಬರೂ ಬಿಟ್ಟ ವಿಷಯ ಒಂದಿದೆ, ಮಳೆಗಾಲದ ಜಿಲ್ಲೆಗೆ ಅದು ಬೇಕು: ಬೂಸಲು. ಶೇಂಗಾ, ಗೋವಿನಜೋಳ, ಕೊಬ್ಬರಿ, ಒಣಮೆಣಸು ಸರಿಯಾಗಿ ಒಣಗದೆ ಇದ್ದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಸಲು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1974ರಲ್ಲಿ ಗುಜರಾತ್, ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತರು. ಅದು ಒಮ್ಮೆಲೇ ಹೊಟ್ಟೆಗೆ ಹೋದ ವಿಷದ ಪರಿಣಾಮ. ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ಹೋದರೆ ಕ್ಯಾನ್ಸರ್. ಶಾಂಘೈನಲ್ಲಿ ನಡೆದ ಪ್ರಸಿದ್ಧ ಅಧ್ಯಯನದಲ್ಲಿ ಅಫ್ಲಾಟಾಕ್ಸಿನ್ ಒಂದೇ ಇದ್ದವರಿಗೆ ಅಪಾಯ ಸುಮಾರು 3 ಪಟ್ಟು, ಹೆಪಟೈಟಿಸ್ ಬಿ ಒಂದೇ ಇದ್ದವರಿಗೆ 7 ಪಟ್ಟು, ಎರಡೂ ಇದ್ದವರಿಗೆ 60 ಪಟ್ಟಿನ ಹತ್ತಿರ. 3 ಮತ್ತು 7 ಕೂಡಿದರೆ 10 ಆಗಬೇಕಿತ್ತು, ಗುಣಿಸಿದರೂ 21. ಬಿ ಇದ್ದವರ ಮನೆಯಲ್ಲಿ ಬೂಸಲಿನ ಮಾತು ಎರಡು ಸಲ ಹೇಳಬೇಕಾದದ್ದು ಇದಕ್ಕೇ.

ಮನೆಯಲ್ಲಿ ತಪ್ಪುವುದು ಎಲ್ಲಿ ಎಂದರೆ, ಬೂಸಲು ಕಂಡ ಕೊಬ್ಬರಿಯನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಾಕಿ, ಮತ್ತೆ ಬಳಸುತ್ತಾರೆ. ಒರೆಸಿದರೆ ಬಣ್ಣ ಹೋಗುತ್ತದೆ, ವಿಷ ತಿರುಳಿನೊಳಗೆ ಇಳಿದಿರುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ, ಅಡುಗೆಮನೆಯ ಶಾಖ ಅದಕ್ಕೆ ಸಾಲದು. ಕೊಬ್ಬರಿಯ ತೇವ 6 ಶೇಕಡಾಕ್ಕೆ, ಶೇಂಗಾ ಬೀಜದ್ದು 7ಕ್ಕೆ, ಗೋವಿನಜೋಳದ್ದು 13ಕ್ಕೆ ಇಳಿದಿರಬೇಕು. ಮೀಟರ್ ಇಲ್ಲದವರಿಗೆ ಗುರುತು: ಕೊಬ್ಬರಿ ಮುರಿದರೆ ಬಾಗದೆ ಟಕ್ಕೆಂದು ತುಂಡಾಗಬೇಕು, ಶೇಂಗಾ ಅಲ್ಲಾಡಿಸಿದರೆ ಕಾಯಿಯೊಳಗೆ ಬೀಜ ಗಲಗಲ ಅನ್ನಬೇಕು. ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಅಲ್ಲೇ ಬೂಸಲು ಹುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೇಂಗಾವನ್ನು ಮೂಟೆಗಟ್ಟಲೆ ತಂದಿಡದೆ ವಾರಕ್ಕೆ ಬೇಕಾದಷ್ಟೇ ತನ್ನಿ. ಮುರುಟಿದ, ಕಪ್ಪಾದ ಬೀಜ ಆರಿಸಿ ಎಸೆಯಿರಿ, ಬಾಯಿಗೆ ಕಹಿ ಬಂದರೆ ಉಗುಳಿಬಿಡಿ.

ಎಸೆಯುವುದು ಎಂದರೆ ಕೊಟ್ಟಿಗೆಗೆ ಹಾಕುವುದಲ್ಲ. ಬೂಸಲು ಹಿಡಿದ ಹಿಂಡಿ, ಕೊಬ್ಬರಿ ತಿಂದ ಆಕಳಿನ ಹಾಲಿನಲ್ಲಿ ಅದೇ ವಿಷ ಅಫ್ಲಾಟಾಕ್ಸಿನ್ ಎಂ1 ರೂಪದಲ್ಲಿ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದಕ್ಕೆ ಇರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಬೂಸಲು ಹಿಡಿದದ್ದನ್ನು ಸುಡಿ ಅಥವಾ ಹೂಳಿ.

ಕವಳದ ಬಗ್ಗೆ. ಅಡಿಕೆ ಸೀಮೆಯಲ್ಲಿ ಇದು ಸುಲಭದ ಮಾತಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು 2004ರಲ್ಲಿ ಹೇಳಿದ್ದು ಮುಖ್ಯವಾಗಿ ಬಾಯಿ ಕ್ಯಾನ್ಸರಿಗೆ. ತಂಬಾಕಿಲ್ಲದ ಕವಳಕ್ಕೂ ಲಿವರ್ ಕ್ಯಾನ್ಸರಿಗೂ ನಂಟು ಕಂಡದ್ದು ಹೆಚ್ಚಾಗಿ ತೈವಾನಿನ ಅಧ್ಯಯನಗಳಲ್ಲಿ. ಹೆಪಟೈಟಿಸ್ ಬಿ, ಸಿ ಇದ್ದವರಲ್ಲಿ ಆ ನಂಟು ಇನ್ನೂ ಬಿಗಿ. ಅಲ್ಲಿ ಜಗಿಯುವುದು ಹಸಿ ಎಳೆ ಅಡಿಕೆ, ನಮ್ಮಲ್ಲಿ ಚಾಲಿ, ಕೆಂಪಡಿಕೆ. ಪ್ರಮಾಣ ಹೀಗೇ ಇರುತ್ತದೆ ಎಂದು ಇಲ್ಲಿಗೆ ಎತ್ತಿ ತರಲಾಗದು. ಆದರೂ ಲಿವರ್ ರೋಗ ಇರುವವರು ಕವಳ ಬಿಡಬೇಕು ಎಂದು ಹೇಳಲು ಇಷ್ಟು ಸಾಕು. ಉಳಿದವರಿಗೆ ಬಾಯಿ ಕ್ಯಾನ್ಸರಿನ ಕಾರಣವೇ ಸಾಕಷ್ಟು ದೊಡ್ಡದು, ಲಿವರನ್ನು ಮುಂದಿಟ್ಟು ಹೆದರಿಸುವ ಅಗತ್ಯ ಇಲ್ಲ.


ಶರಾವತಿ ಲ್ಯಾಬ್ (ಹೊನ್ನಾವರ)

ಪಟ್ಟಿ ಮಾಡಲು ಖರ್ಚಿಲ್ಲದ ಒಂದು ಲೆಕ್ಕ ಕೊಡುತ್ತೇನೆ. ಹೆಸರು ಫಿಬ್-4, ಲಿವರಿನಲ್ಲಿ ಎಷ್ಟು ಕಲೆ ಕಟ್ಟಿದೆ ಎಂಬ ಅಂದಾಜು ಕೊಡುತ್ತದೆ. ಬೇಕಾದದ್ದು ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ (ರಕ್ತದಲ್ಲಿ ಅಳೆಯುವ ಲಿವರಿನ ಕಿಣ್ವಗಳು), ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ). ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದಲ್ಲಿ ಬರೆದು, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಉದಾಹರಣೆ: 55 ವರ್ಷ, ಎಸ್‌ಜಿಒಟಿ 60, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.5 ಲಕ್ಷ. ಮೇಲೆ 55 × 60 = 3,300. ಕೆಳಗೆ 150 × 8 = 1,200. ಉತ್ತರ 2.75. 1.3ಕ್ಕಿಂತ ಕಡಿಮೆ ಬಂದರೆ ಲಿವರಿನಲ್ಲಿ ಹೆಚ್ಚು ಕಲೆ ಕಟ್ಟಿಲ್ಲ, 65 ದಾಟಿದವರಿಗೆ ಈ ಮಿತಿ 2.0. 2.67ಕ್ಕಿಂತ ಮೇಲೆ ಬಂದರೆ ತಜ್ಞರ ಹತ್ತಿರ ಕಳಿಸಲೇಬೇಕು. ನಡುವೆ ಬಂದವರಿಗೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್). ಅದಕ್ಕೆ ಹೋಗುವಾಗ 3 ಗಂಟೆ ಏನೂ ತಿಂದಿರಬಾರದು, ಊಟ ಮಾಡಿ ಹೋದರೆ ಲಿವರ್ ಇರುವುದಕ್ಕಿಂತ ಗಟ್ಟಿ ತೋರಿಸುತ್ತದೆ. 8 ಕೆಪಿಎ (ಆ ಗಟ್ಟಿತನದ ಅಳತೆ) ಒಳಗಿದ್ದರೆ ಸಮಾಧಾನ.

ಇದು ಕೈಕೊಡುವುದು ಎಲ್ಲಿ? ನಮ್ಮ ಕಡೆ ಮುಖ್ಯವಾಗಿ ಜ್ವರದಲ್ಲಿ. ಡೆಂಗಿ, ಇಲಿಜ್ವರ, ಶಿರಸಿ-ಸಿದ್ದಾಪುರದ ಮಂಗನಕಾಯಿಲೆ ಇವೆಲ್ಲ ಪ್ಲೇಟ್‌ಲೆಟ್ ಇಳಿಸಿ ಎಸ್‌ಜಿಒಟಿ ಏರಿಸುತ್ತವೆ. ಆ ವಾರದ ರಕ್ತದ ವರದಿ ಹಿಡಿದು ಲೆಕ್ಕ ಹಾಕಿದರೆ ಆರೋಗ್ಯವಂತರಿಗೂ 5, 6 ಬರುತ್ತದೆ. ಜ್ವರ ಬಿಟ್ಟು ಒಂದೂವರೆ ಎರಡು ತಿಂಗಳಾದ ಮೇಲಿನ ವರದಿ ತೆಗೆದುಕೊಳ್ಳಿ. ಕಾಮಾಲೆ ಇರುವಾಗಲೂ ಬೇಡ. 35 ವರ್ಷದೊಳಗಿನವರಿಗೆ ಈ ಲೆಕ್ಕವನ್ನು ನಂಬಲಾಗದು.

ಸ್ಕ್ಯಾನ್ ವರದಿಯಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 1’ ಎಂದಿದ್ದರೆ ಜನ ನಿಶ್ಚಿಂತರಾಗುತ್ತಾರೆ, ‘ಗ್ರೇಡ್ 3’ ಎಂದರೆ ಹೆದರುತ್ತಾರೆ. ಆ ಗ್ರೇಡ್ ಕೊಬ್ಬಿನದ್ದು, ಕಲೆಯದ್ದಲ್ಲ. ಸಿರೋಸಿಸ್ ಬಲಿತಂತೆ ಕೊಬ್ಬು ಕಡಿಮೆಯೂ ಕಾಣಬಹುದು. ಹಾಗೆಯೇ ಪ್ಯಾಕೇಜಿನಲ್ಲಿ ಬರುವ ‘ಕ್ಯಾನ್ಸರ್ ಮಾರ್ಕರ್’ ಎಎಫ್‌ಪಿ ರಕ್ತಪರೀಕ್ಷೆಯನ್ನು ಊರಿಗೆಲ್ಲ ಮಾಡಿಸಬೇಡಿ. ಲಿವರ್ ಕ್ಯಾನ್ಸರ್ ಇರುವ ಮೂವರಲ್ಲಿ ಒಬ್ಬರಷ್ಟು ಮಂದಿಗೆ ಅದು ನಾರ್ಮಲ್ ಇರುತ್ತದೆ, ಗರ್ಭಿಣಿಯರಲ್ಲಿ ಸಹಜವಾಗಿಯೇ ಏರುತ್ತದೆ. ಸಿರೋಸಿಸ್ ಇದ್ದವರಲ್ಲಿ ಸ್ಕ್ಯಾನ್ ಜೊತೆಗೆ ಮಾಡಿಸಿದರೆ ಮಾತ್ರ ಅದಕ್ಕೆ ಬೆಲೆ.


ಕುಮಟಾ ಸಿಎಚ್‌ಒ

ಎಲ್ಲರಿಗೂ ತುಂಬ ಉಪಕಾರ. ಪಟ್ಟಿ ಕಣ್ಣಿಗೆ ಕಾಣತೊಡಗಿತು. ಇನ್ನೆರಡು ಪ್ರಶ್ನೆ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದವರನ್ನು ಮುಂದೆ ಏನು ಮಾಡಬೇಕು? ಹುಟ್ಟಿದ ಕೂಡಲೇ ಕೊಡುವ ಲಸಿಕೆ ನಮ್ಮಲ್ಲಿ ಕೆಲವು ಮಕ್ಕಳಿಗೆ ತಪ್ಪುತ್ತಿದೆ, ಅದನ್ನು ಹೇಗೆ ಸರಿಮಾಡುವುದು?


ಗಂಗಾವಳಿ (ಅಂಕೋಲಾ, ಈಗ ಹುಬ್ಬಳ್ಳಿ)

ಪಾಸಿಟಿವ್ ಬಂದವರಿಗೆ ಮೊದಲು ಹೇಳಬೇಕಾದದ್ದು: ಊಟ, ತಟ್ಟೆ, ಅಪ್ಪುಗೆಯಿಂದ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಇರಲಿ. ಇದನ್ನು ಮನೆಯವರ ಎದುರೇ ಬಿಡಿಸಿ ಹೇಳದಿದ್ದರೆ ಆ ಮನುಷ್ಯನ ತಟ್ಟೆ ಬೇರೆಯಾಗುತ್ತದೆ, ಮುಂದಿನವರು ಪರೀಕ್ಷೆಗೇ ಬರುವುದಿಲ್ಲ.

ಆಮೇಲೆ ಮನೆಯವರೆಲ್ಲರಿಗೂ ಪರೀಕ್ಷೆ, ನೆಗೆಟಿವ್ ಬಂದವರಿಗೆ 0, 1, 6 ತಿಂಗಳಿಗೆ ಮೂರು ಡೋಸ್. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಶುರುವಾಯಿತು. ಅದರಡಿ ಪರೀಕ್ಷೆ, ಔಷಧ ಉಚಿತ. ಸೋಂಕಿತರನ್ನು ಜಿಲ್ಲಾ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿ. ಬಿ ಇದ್ದವರಿಗೆಲ್ಲ ಮಾತ್ರೆ ಬೇಕಾಗುವುದಿಲ್ಲ, ಸಿರೋಸಿಸ್ ಇದ್ದರೆ ಎಲ್ಲರಿಗೂ ಬೇಕು, ಉಳಿದವರಿಗೆ ಎಸ್‌ಜಿಪಿಟಿ ಮತ್ತು ರಕ್ತದಲ್ಲಿ ವೈರಸ್‌ನ ಡಿಎನ್‌ಎ ಪ್ರಮಾಣ ನೋಡಿ ತೀರ್ಮಾನ. ಟೆನೊಫೊವಿರ್ (ಬಿ ವೈರಸ್ ತಡೆಯುವ ಮಾತ್ರೆ) ಶುರುಮಾಡಿದವರು ತಾವಾಗಿ ನಿಲ್ಲಿಸಬಾರದು. ನಿಲ್ಲಿಸಿದರೆ ವೈರಸ್ ಒಮ್ಮೆಲೇ ಎದ್ದು ಲಿವರ್ ಕೈಕೊಡಬಹುದು, ಮೀನುಗಾರಿಕೆಗೆ ತಿಂಗಳುಗಟ್ಟಲೆ ಹೋಗುವವರಿಗೆ ಮಾತ್ರೆ ಕಟ್ಟಿಕೊಡುವ ವ್ಯವಸ್ಥೆ ಮಾಡಿ. ಹೆಪಟೈಟಿಸ್ ಸಿ ಆದರೆ ವಿಷಯ ಸುಲಭ: ಸಾಮಾನ್ಯವಾಗಿ 12 ವಾರ ಮಾತ್ರೆ, ಶೇಕಡಾ 95ರಷ್ಟು ಗುಣ. 2002ಕ್ಕಿಂತ ಮೊದಲು ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನವರು ಇವರಿಗೆ ಸಿ ಪರೀಕ್ಷೆಯೂ ಇರಲಿ.

6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಬೇಕಾದವರು: ಯಾವ ಕಾರಣದಿಂದಲೇ ಆಗಲಿ ಸಿರೋಸಿಸ್ ಆದವರೆಲ್ಲ. ಸಿರೋಸಿಸ್ ಇಲ್ಲದ ಬಿ ಸೋಂಕಿತರಲ್ಲಿ 40 ದಾಟಿದ ಗಂಡಸರು, 50 ದಾಟಿದ ಹೆಂಗಸರು, ಮನೆತನದಲ್ಲಿ ಲಿವರ್ ಕ್ಯಾನ್ಸರ್ ಇದ್ದವರು. ವರ್ಷಕ್ಕೊಮ್ಮೆ ಸಾಲದು. ಗಡ್ಡೆ ಇಮ್ಮಡಿಯಾಗಲು ಸರಾಸರಿ ನಾಲ್ಕಾರು ತಿಂಗಳು ಸಾಕು. 2 ಸೆಂ.ಮೀ. ಇರುವಾಗ ಸಿಕ್ಕಿದ್ದರೆ ಸುಟ್ಟು ತೆಗೆಯಬಹುದಿತ್ತು, ವರ್ಷ ಕಳೆಯುವಷ್ಟರಲ್ಲಿ ರಕ್ತನಾಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, 6 ಗಂಟೆ ಉಪವಾಸವಿದ್ದು ಹೋಗಬೇಕು. ಚೀಟಿಯಲ್ಲಿ ಬರೀ ‘ಹೊಟ್ಟೆ ಸ್ಕ್ಯಾನ್’ ಎಂದು ಬರೆಯದೆ ‘ಬಿ ಸೋಂಕಿತರು, ಲಿವರಿನ ಗಂಟು ಮತ್ತು ಪೋರ್ಟಲ್ ವೇನ್ ನೋಡಿ’ ಎಂದು ಬರೆಯಿರಿ. 1 ಸೆಂ.ಮೀ.ಗಿಂತ ಚಿಕ್ಕ ಗಂಟಿಗೆ 3 ತಿಂಗಳಲ್ಲಿ ಮರುಸ್ಕ್ಯಾನ್. 1 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಇಲ್ಲವೇ ಎಎಫ್‌ಪಿ 20 ದಾಟಿದ್ದರೆ ಟ್ರೈಫೇಸಿಕ್ ಸಿಟಿ (ಬಣ್ಣದ ಔಷಧ ಚುಚ್ಚಿ ಮೂರು ಹಂತದಲ್ಲಿ ತೆಗೆಯುವ ಸ್ಕ್ಯಾನ್). ಸಾದಾ ಸಿಟಿ ಮಾಡಿಸಿ ದುಡ್ಡು ಕಳೆಯಬೇಡಿ, ಬಣ್ಣದ ಔಷಧ ಹೊಕ್ಕುವ ಮತ್ತು ಹೊರಬೀಳುವ ರೀತಿಯಿಂದಲೇ ಇದು ಗುರುತಾಗುವುದು. ಮಣಿಪಾಲ, ಹುಬ್ಬಳ್ಳಿ, ಮಂಗಳೂರಿಗೆ ಕಳಿಸುವಾಗ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಡಿ. ಅರ್ಹ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.


ಐಎಲ್‌ಆರ್ (ಯಲ್ಲಾಪುರ)

ಲಸಿಕೆಯ ಮಾತು ನನಗಿರಲಿ.

ಹುಟ್ಟಿನ ಡೋಸ್ 24 ಗಂಟೆಯೊಳಗೆ 0.5 ಎಂಎಲ್, ತೊಡೆಯ ಮುಂಭಾಗದ ಹೊರಬದಿಗೆ, ಸ್ನಾಯುವಿಗೆ. ಆಮೇಲೆ 6, 10, 14 ವಾರಕ್ಕೆ ಪೆಂಟಾವ್ಯಾಲೆಂಟ್‌ನಲ್ಲೇ ಬಿ ಸೇರಿರುತ್ತದೆ. ತಪ್ಪುವುದಕ್ಕೆ ಮಾಮೂಲಿ ಕಾರಣ, ಭಾನುವಾರ ಅಥವಾ ರಾತ್ರಿ ಹೆರಿಗೆಯಾಗಿ, ‘ಲಸಿಕೆ ದಿನ ಬನ್ನಿ’ ಎಂದು ಕಳಿಸುವುದು. ಒಂದು ಮಗುವಿಗಾಗಿ 10 ಡೋಸಿನ ಸೀಸೆ ಒಡೆದರೆ ಉಳಿದದ್ದು ಹಾಳು ಎಂಬ ಹೆದರಿಕೆ ಅದರ ಹಿಂದಿದೆ. ಹಾಳಾಗುವುದಿಲ್ಲ. ಬಳಸಿ ಉಳಿದ ಸೀಸೆಯ ನಿಯಮದಂತೆ, 2ರಿಂದ 8 ಡಿಗ್ರಿಯಲ್ಲಿ ಇಟ್ಟು, ವಿವಿಎಂ (ಲಸಿಕೆಗೆ ಬಿಸಿ ತಾಗಿದ್ದನ್ನು ತೋರಿಸುವ ಸೀಸೆಯ ಗುರುತು) ಸರಿಯಿದ್ದು, ಅವಧಿ ಮುಗಿಯದಿದ್ದರೆ ತೆರೆದ ದಿನದಿಂದ 4 ವಾರ ಬಳಸಬಹುದು. ತೆರೆದ ದಿನಾಂಕ, ಸಮಯ ಸೀಸೆಯ ಮೇಲೆ ಬರೆದಿರಬೇಕು. ಸೀಸೆಯನ್ನು ಹೆರಿಗೆ ಕೋಣೆಯ ಹತ್ತಿರದ ಫ್ರಿಜ್‌ನಲ್ಲೇ ಇಡುವಂತೆ ಮಾಡಿ, ವಿಟಮಿನ್ ಕೆ ಕೊಡುವ ಹೊತ್ತಿಗೇ ಇದನ್ನೂ ಕೊಡಲಿ.

ಈ ಲಸಿಕೆಗೆ ಬಿಸಿಗಿಂತ ಹಿಮದ ಭಯ ಹೆಚ್ಚು. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ, ಮತ್ತೆ ಕರಗಿದರೂ ಸತ್ವ ಹೋಗಿರುತ್ತದೆ. ವಿವಿಎಂ ಬಿಸಿಯನ್ನು ಮಾತ್ರ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಐಎಲ್‌ಆರ್‌ನ (ಲಸಿಕೆ ಇಡುವ ಫ್ರಿಜ್) ತಳದಲ್ಲಿ ಇಡಬೇಡಿ, ಬುಟ್ಟಿಯ ಮೇಲ್ಭಾಗದಲ್ಲಿಡಿ. ಕ್ಯಾರಿಯರ್‌ಗೆ ಹಾಕುವ ಐಸ್‌ಪ್ಯಾಕ್ ಹೊರಗಿಟ್ಟು ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರಿನ ಸಪ್ಪಳ ಕೇಳಬೇಕು, ಆಮೇಲೆ ಹಾಕಿ. ಅನುಮಾನ ಬಂದರೆ ಶೇಕ್ ಟೆಸ್ಟ್: ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಸೀಸೆಯ ಜೊತೆ ಕುಲುಕಿ, ಪಕ್ಕಪಕ್ಕ ಇಡಿ. ಅರ್ಧ ಗಂಟೆಯೊಳಗೆ ಎರಡರಲ್ಲೂ ಗಷ್ಟು ಒಂದೇ ವೇಗದಲ್ಲಿ ತಳಕ್ಕಿಳಿದರೆ ಅನುಮಾನದ್ದೂ ಹಾಳಾಗಿದೆ.

ತಾಯಿ ಪಾಸಿಟಿವ್ ಇದ್ದರೆ ಲಸಿಕೆಯ ಜೊತೆ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕು, ಸಾಧ್ಯವಾದರೆ 12 ಗಂಟೆಯೊಳಗೆ. ಹೆರಿಗೆ ದಿನ ಹುಡುಕಿದರೆ ಅದು ಸಿಗುವುದಿಲ್ಲ, ಏಳನೇ ತಿಂಗಳಲ್ಲೇ ತಾಲ್ಲೂಕು ಆಸ್ಪತ್ರೆಗೆ ಬರೆದು ತರಿಸಿಡಿ. ತಾಯಿಯ ರಕ್ತದಲ್ಲಿ ವೈರಸ್‌ನ ಡಿಎನ್‌ಎ ಎಂಎಲ್‌ಗೆ 2 ಲಕ್ಷ ಐಯು ದಾಟಿದ್ದರೆ 28ನೇ ವಾರದಿಂದ ಅವಳಿಗೂ ಟೆನೊಫೊವಿರ್. ಎದೆಹಾಲು ಕುಡಿಸಬಹುದು. ಮಗುವಿನ ರಕ್ತಪರೀಕ್ಷೆ 9 ತಿಂಗಳು ತುಂಬಿದ ಮೇಲೆಯೇ ಮಾಡಿಸಿ, ಮೊದಲೇ ಮಾಡಿಸಿದರೆ ಆ ಇಮ್ಯುನೊಗ್ಲಾಬ್ಯುಲಿನ್‌ನ ಪ್ರತಿಕಾಯವನ್ನೇ ಲಸಿಕೆಯ ಫಲ ಎಂದು ಓದಿಬಿಡುತ್ತಾರೆ. ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್, ಆಂಟಿ-ಎಚ್‌ಬಿಎಸ್ (ರಕ್ಷಣೆ ಕೊಡುವ ಪ್ರತಿಕಾಯ) 10 ಅಥವಾ ಹೆಚ್ಚು ಬಂದರೆ ತಾಯಿ ಕಾರ್ಡಿನ ಮೇಲೆ ಹಾಗೆಂದು ಬರೆದು ಕೊಡಿ. 10ಕ್ಕಿಂತ ಕಡಿಮೆ ಬಂದ ಮಗುವಿಗೆ ಮತ್ತೆ ಲಸಿಕೆ ಹಾಕಿಸಬೇಕಾಗುತ್ತದೆ.